ಅಕ್ಕನ ಹಡಗಿನ ಟಿಕೆಟ್

ಚಳ್ಳಕೆರೆಯ ಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದಾಗ ಮೊಳಕಾಲ್ಮೂರಿನಿಂದ ಅಕ್ಕನ ಫೋನ್ ಬಂತು. ಭಾವನ ಬಳಿ ರೇಷ್ಮೆ ಸೀರೆ ಕೊಳ್ಳುವ ಸಿಂಗಪುರದ ಗಿರಾಕಿಯೊಬ್ಬರು ಅಲ್ಲಿಯ ಟ್ರಾವೆಲ್ ಏಜೆಂಟನಿಂದ ಅಕ್ಕ-ಭಾವ ಇಬ್ಬರಿಗೂ ಹಡಗಿನ ಪ್ರವಾಸಕ್ಕೆ ಟಿಕೆಟ್ ಮಾಡಿಸಿದ್ದರಂತೆ.

"ಕಿಟಕಿ ಇರೋ ರೂಮೇ ಸಿಕ್ಕೈತೆ ಕಣೇ. ಮಲಗಿದ್ದಲ್ಲೇ ಸಮುದ್ರ ಕಾಣ್ತೈತಂತೆ!"

"ನಿಂಗೆ ಬಸ್ಸಲ್ಲೇ ವಾಂತಿ ಆಗ್ತೈತಲ್ಲಕ್ಕಾ," ಎಂದೆ.

"ಹೊಟ್ಟೆಕಿಚ್ಚು ನಿಂಗೆ," ಎಂದು ನಕ್ಕಳು.

ನಿಜವೇ. ಫೋನಿಟ್ಟವಳೇ ದೇವರ ಮುಂದೆ ಕರ್ಪೂರ ಹಚ್ಚಿ, ಆ ಪ್ರವಾಸ ನಿಂತುಹೋಗಲಪ್ಪಾ ಎಂದು ಬೇಡಿಕೊಂಡೆ. ಕರ್ಪೂರ ಆರುವ ಮೊದಲೇ ಭಯವಾಯಿತು. ದೇವರು ಟಿಕೆಟ್ ಬಿಟ್ಟು ಹಡಗನ್ನೇ ಮುಳುಗಿಸಿಬಿಟ್ಟರೆ? "ಬೇಡಪ್ಪಾ, ಅವಳು ಸುಖವಾಗಿ ಹೋಗಿಬರಲಿ," ಎಂದು ಕೆನ್ನೆ ಬಡಿದುಕೊಂಡೆ. ಅಷ್ಟು ಬೇಗ ಬುದ್ಧಿ ಕೊಟ್ಟನಲ್ಲ, ಅದು ಅವನ ದಯೆ. ಹೊಟ್ಟೆಯ ಉರಿಯನ್ನು ಮಾತ್ರ ಅವನೂ ಆರಿಸಲಿಲ್ಲ. ಎದ್ದು ಹೋಗಿ ಮುದ್ದೆಗೆ ಎಸರಿಟ್ಟೆ.