ಆಟಿ ತಿಂಗಳಲ್ಲಾದ ಮದುವೆ

ನಮ್ಮ ಮನೆಯ ಕಪಾಟಿನ ನೆತ್ತಿಯ ಮೇಲೊಂದು ತಗಡಿನ ಟ್ರಂಕಿದೆ. ಅದರ ಬೀಗದ ಕೈ ಕಳೆದು ಐವತ್ತು ವರ್ಷವಾಯಿತು. ಕಳೆದದ್ದಲ್ಲ, ನನ್ನ ಹೆಂಡತಿ ಸುಮತಿ ಅದನ್ನು ವಿಧಿಪೂರ್ವಕವಾಗಿ ಸಮುದ್ರಕ್ಕೆ ವಿಸರ್ಜಿಸಿದ್ದು. ಟ್ರಂಕಿನ ತಳದಲ್ಲಿ, ನುಸಿಗುಳಿಗೆಗಳ ಕಾವಲಿನಲ್ಲಿ, ಒಂದು ಕಾಗದವಿದೆ. ಮಿತ್ರರೇ, ಗುಟ್ಟನ್ನು ಕಾಪಾಡಲು ಗೃಹಸ್ಥನಾದವನು ಇದಕ್ಕಿಂತ ಹೆಚ್ಚಿನ ಬಂದೋಬಸ್ತು ಮಾಡಲಾರ. ಆದರೆ ಆ ಕಾಗದದ ಅವಳಿಯೊಂದು ಸರ್ಕಾರದ ನೋಂದಣಿ ಪುಸ್ತಕದಲ್ಲಿ ತಣ್ಣಗೆ ಮಲಗಿತ್ತೆಂಬುದನ್ನು ನಾನು ಮರೆತಿದ್ದೆ. ಹಳೆಯ ಜನನ, ಮರಣ, ವಿವಾಹಗಳ ದಫ್ತರಗಳನ್ನೆಲ್ಲ ಜಾಲತಾಣಕ್ಕೇರಿಸಿ, ಹೆಸರು ಒತ್ತಿದವರಿಗೆಲ್ಲ ದರ್ಶನ ಕೊಡುವ ಕಾಲ ಬಂದೀತೆಂದು ಯಾರು ಎಣಿಸಿದ್ದರು?

ಗುಟ್ಟು ಇಷ್ಟೆ. ನಾನು ಆಗ ಬಂದರಿನ ಬಳಿಯ ಕಚೇರಿಯೊಂದರಲ್ಲಿ ಗುಮಾಸ್ತ. ಸುಮತಿ ಮಾಟುಂಗದಲ್ಲಿ ಅಣ್ಣನ ಮನೆಯಲ್ಲಿದ್ದಳು. ನಿಶ್ಚಿತಾರ್ಥ ಮುಗಿದು, ಮಕರ ಮಾಸದಲ್ಲಿ ಉಡುಪಿಯಲ್ಲಿ ಮದುವೆಯೆಂದು ಹಿರಿಯರು ನಿರ್ಧರಿಸಿದ್ದರು. ಅಷ್ಟರಲ್ಲಿ ವಡಾಲದ ನಮ್ಮ ಕ್ವಾರ್ಟರ್ಸಿನಲ್ಲೊಂದು ಖೋಲಿ ಖಾಲಿಯಾಯಿತು: ವಿವಾಹಿತರಿಗೆ ಮಾತ್ರ, ಆಗಸ್ಟ್ ಮಧ್ಯದೊಳಗೆ ಪ್ರಮಾಣಪತ್ರ ಬೇಕು. ನಾನು ಅಳುಕಿದೆ. ಸುಮತಿ ಅಳುಕಲಿಲ್ಲ.

“ಗಂಡು ಇನ್ನೊಬ್ರು ಸಿಗ್ತಾರೆ. ಕಿಚನ್ ಇರುವ ಖೋಲಿ ಸಿಗುದಿಲ್ಲ ಮಾರಾಯ್ರೆ!”

ರಿಜಿಸ್ಟ್ರಾರರ ಫಲಕದಲ್ಲಿ ನಮ್ಮ ನೋಟೀಸು ಇಡೀ ಒಂದು ತಿಂಗಳು ತೂಗಾಡಿತು. ಊರಿನವರು ಯಾರಾದರೂ ಓದಿಬಿಟ್ಟಾರೆಂದು ನಡುಗಿದೆವು. ಯಾರೂ ಓದಲಿಲ್ಲ, ಸರ್ಕಾರಿ ಫಲಕದಷ್ಟು ನಂಬಿಗಸ್ತ ಗರ್ಭಗುಡಿ ಇನ್ನೊಂದಿಲ್ಲ. ಒಂದು ಬುಧವಾರ ಊಟದ ವಿರಾಮದಲ್ಲಿ, ಕಚೇರಿಯ ಮೂವರು ಗೆಳೆಯರ ಸಾಕ್ಷಿಯಲ್ಲಿ ಸಹಿ ಹಾಕಿ ದಂಪತಿಗಳಾಗಿ, ಅವಳು ಮಾಟುಂಗಕ್ಕೂ ನಾನು ನನ್ನ ಫೈಲುಗಳಿಗೂ ಮರಳಿದೆವು. ಅದು ಆಟಿ ತಿಂಗಳು. ನಮ್ಮ ಕರಾವಳಿಯವರು ಮದುವೆಯ ಮಾತಿರಲಿ, ಹೊಸ ಪೊರಕೆ ತರಲೂ ಹಿಂದೆಮುಂದೆ ನೋಡುವ ಅಶುಭ ಮಾಸ. ಸಾಲದ್ದಕ್ಕೆ ಬುಧವಾರದ ಆ ಹೊತ್ತು ರಾಹುಕಾಲ.

ಇಷ್ಟಾದರೂ ಯಾರಿಗೇನು ನಷ್ಟ ಎನ್ನಬೇಡಿ. ಮಕರ ಮಾಸದ ಮುಹೂರ್ತವನ್ನಿಟ್ಟವರು ನನ್ನ ಅತ್ತೆ. ಇಬ್ಬರು ಜೋಯಿಸರನ್ನು ವಜಾ ಮಾಡಿ, ಮೂರನೆಯವರಿಂದ ಒಪ್ಪಿಗೆಯ ಮುದ್ರೆ ಒತ್ತಿಸಿಕೊಂಡ ಮುಹೂರ್ತವದು. ನಾವೂ ಏನೂ ಅರಿಯದವರಂತೆ ಅದರಲ್ಲೇ ಇನ್ನೊಮ್ಮೆ ಮದುವೆಯಾದೆವು. ನನಗೆ ಬಡ್ತಿ ಬಂದದ್ದು, ಮಗಳು ಅನಿತಾ ಹುಟ್ಟಿದ್ದು, ನಲ್ಲಿಯಲ್ಲಿ ನೀರು ಬಂದದ್ದು ಎಲ್ಲವೂ ಅದರದೇ ಮಹಿಮೆ. ನಾವಿಬ್ಬರೂ ಫ್ಯಾನಿನ ವೇಗಕ್ಕೋ ಕಿಟಕಿಯ ಬಾಗಿಲಿಗೋ ಜಗಳವಾಡುವಾಗ ಮಾತ್ರ ಅವರು ಎದ್ದುಹೋಗಿ ಪಂಚಾಂಗದ ಪುಟ ತಿರುವುತ್ತಿದ್ದರು. ಜಗಳಗಳು ವಿಪುಲವಾಗಿದ್ದುದರಿಂದ ಪಂಚಾಂಗಗಳೂ ಬೇಗ ಹರಿದವು. ತೊಂಬತ್ತು ದಾಟಿದ ಆ ಜೀವಕ್ಕೆ ಬದುಕಿನ ಏಕೈಕ ಬಿರುದೆಂದರೆ ಈ ಮುಹೂರ್ತ. ಅದನ್ನು ಕಿತ್ತುಕೊಳ್ಳುವ ಪಾಪ ನಮಗೆ ಬೇಡವಾಗಿತ್ತು.

ಐವತ್ತನೆಯ ವಾರ್ಷಿಕೋತ್ಸವಕ್ಕೆ ಹಳೆಯ ಚಿತ್ರಗಳನ್ನು ಹುಡುಕಹೊರಟ ಅನಿತಾ, ಆ ಹಾಳು ಜಾಲತಾಣಕ್ಕೂ ಇಣುಕಿ, ನಮ್ಮ ಮೊದಲ ಮದುವೆಯ ದಾಖಲೆಯನ್ನು ಹಿಡಿದಳು.

“ಅಪ್ಪಾ, ಯು ಆರ್ ಟೂ ಮಚ್! ಶಾದಿ ತೋ ಪೆಹಲೇ ಹಿ ಹೋ ಗಯೀ ಥೀ! ಫಂಕ್ಷನ್‌ನಲ್ಲಿ ಬಿಗ್ ಸ್ಕ್ರೀನ್ ಮೇಲೆ ಹಾಕ್ತೇನೆ.”

“ಮೊದ್ಲು ಅದನ್ನು ಅಳಿಸು!”

“ಲೇಟ್ ಆಯ್ತು. ಫ್ಯಾಮಿಲಿ ಗ್ರೂಪ್‌ಗೆ ಕಳಿಸಿದೆ. ಅಜ್ಜೀದು ಬ್ಲೂ ಟಿಕ್ ಭೀ ಆ ಗಯಾ.”

ನೀಲಿ ಬಣ್ಣಕ್ಕೆ ಇಷ್ಟು ವಿಷವಿದೆಯೆಂದು ನನಗೆ ಅಂದು ತಿಳಿಯಿತು.

ಭಾನುವಾರ ಸಂಜೆಗೆ ದಹಿಸರಿನಿಂದ ಬುಲಾವ್ ಬಂತು. ಈಗ ಅಲ್ಲಿರುವ ಸುಮತಿಯ ಅಣ್ಣನ ಮನೆಯ ಹಾಲಿನಲ್ಲಿ ಅತ್ತೆ, ಒಂದು ಮೊಣಕಾಲ ಮೇಲೆ ಫೋನು, ಇನ್ನೊಂದರ ಮೇಲೆ ಪಂಚಾಂಗ ಇಟ್ಟುಕೊಂಡು ನ್ಯಾಯಪೀಠದಂತೆ ಕೂತಿದ್ದರು. ಎಪ್ಪತ್ತು ದಾಟಿದ ನಾವಿಬ್ಬರೂ ಕಟಕಟೆಯಲ್ಲಿ ನಿಂತೆವು.

“ಆಟಿ ತಿಂಗಳು,” ಎಂದರು. “ಹೌದಾ?”

“ಹೌದು.”

“ಬುಧವಾರ. ಗಂಟೆ ಎಷ್ಟು ಅಳಿಯಂದಿರೇ?”

“ಹನ್ನೆರಡೂವರೆ.”

“ಅಮ್ಮಾ, ಖೋಲಿಗೋಸ್ಕರ...” ಎಂದು ಸುಮತಿ ಬಾಯಿಬಿಟ್ಟಳು. ಅತ್ತೆ ಕೈಯೆತ್ತಿ ತಡೆದರು. ಆಮೇಲೆ ನಾನು ನಿರೀಕ್ಷಿಸದೇ ಇದ್ದುದು ನಡೆಯಿತು: ಆ ಸುಕ್ಕುಗಳ ನಡುವಿನಿಂದ ನಗುವೊಂದು, ಮಳೆ ಬಿಟ್ಟ ಮೇಲಿನ ಲೋಕಲ್ ರೈಲಿನಂತೆ, ನಿಧಾನವಾಗಿ ಹೊರಟಿತು.

“ಐವತ್ತು ವರ್ಷ! ಇಷ್ಟು ಒಳ್ಳೇ ಮುಹೂರ್ತ ಇಟ್ಟೂ ಇವು ಎಂತಕ್ಕೆ ಹೀಗೆ ಕಚ್ಚಾಡ್ತವೆ, ದೋಷ ಎಲ್ಲಿ ಉಂಟೂಂತ ಹುಡುಕಿ ಹುಡುಕಿ ನನ್ನ ಕಣ್ಣೇ ಹೋಯ್ತು. ದೋಷ ನಂದಲ್ಲ! ಜಗಳ ಎಲ್ಲ ಆ ಮದುವೆದು; ಸಂಸಾರ ನನ್ನ ಮದುವೆದು.” ನಮ್ಮ ಜೊತೆಗೆ ಬಂದಿದ್ದ ಅನಿತಾಳತ್ತ ತಿರುಗಿ ಅಪ್ಪಣೆಯಾಯಿತು. “ಹಾಕು ಮಗಾ, ಪರದೆ ಮೇಲೆ. ದೊಡ್ಡದು ಮಾಡಿ ಹಾಕು. ಅಡಿಯಲ್ಲಿ ‘ರಾಹುಕಾಲ’ ಅಂತ ಬರಿ.”

ಅರ್ಧ ಶತಮಾನದ ಆರೋಪದಿಂದ ಖುಲಾಸೆಯಾದ ಅವರ ಮುಖದ ಕಳೆಯನ್ನು ಕಂಡು, ಇಂಥದೊಂದು ಸುಖವನ್ನು ಟ್ರಂಕಿನಲ್ಲಿ ಕೂಡಿಹಾಕಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು. ಇಬ್ಬರೂ ಕಾಲಿಗೆರಗಲು ಬಾಗಿದೆವು. ಅತ್ತೆ ಗಬಕ್ಕನೆ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡು ಗೋಡೆಯ ಗಡಿಯಾರ ನೋಡಿದರು.

“ನಿಲ್ಲಿ! ಆರು ಗಂಟೆ ಆಗ್ಲಿ. ಈಗಲೂ ರಾಹುಕಾಲ. ಒಮ್ಮೆ ಮಾಡಿದ್ದು ಸಾಲದಾ?”

ಇನ್ನೂ ಹತ್ತು ನಿಮಿಷವಿತ್ತು. ನಾನೂ ಸುಮತಿಯೂ ಒಬ್ಬರ ಪಕ್ಕ ಒಬ್ಬರು ಕೂತು, ಮುಳ್ಳನ್ನೇ ನೋಡುತ್ತ, ಜಗಳವಾಡದೆ ಕಾದೆವು.