ಆರರ ಕೆಳಗಿನ ಗೆರೆ

ಸರಕು ಕಣ್ಣಿಗೆ ಬಿದ್ದ ಕೂಡಲೇ ಅಂದಾಜು ಹಾಕುವುದು ಕಸುಬಿನಿಂದ ಅಂಟಿದ ಚಾಳಿ. ಆಪರೇಟರ್ ಮೊದಲ ಸಲ ನನ್ನ ಬಣ್ಣದಂಗಡಿಯ ಮೆಟ್ಟಿಲು ಹತ್ತಿದಾಗ ಅವರಿಗೂ ಅಂದಾಜು ಹಾಕಿದೆ. ಎತ್ತರ ಸುಮಾರು, ಮೈಕಟ್ಟು ಅದಕ್ಕಿಂತ ಸುಮಾರು. ಬಲಗಣ್ಣು ಎಡಗಣ್ಣಿಗಿಂತ ಒಂದು ನೂಲು ಚಿಕ್ಕದು. ಗೋಡೆಯ ಕಿಂಡಿಗೆ ಒಂದೇ ಕಣ್ಣಿಟ್ಟು ನೋಡಿ ನೋಡಿ ಹಾಗಾಗಿದ್ದು. ಅಂಗಿಯ ತೋಳಿನ ಮೇಲೆ ಯಂತ್ರದ ದೀಪದ ಕಿಡಿ ಹಾರಿ ಬಿದ್ದ ತೂತುಗಳು, ಪ್ರತಿ ತೂತಿಗೂ ಹುಡುಕಿದರೆ ಮಾತ್ರ ಕಾಣುವಂಥ ಹೊಲಿಗೆ. ಮನೆಯಲ್ಲಿ ಒಳ್ಳೆಯ ಕೈ ಇದೆ, ಮಾಲು ಮಾತ್ರ ಸಾಧಾರಣ, ಹರಾಜಿಗಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ ಅಂದುಕೊಂಡೆ. ನನ್ನ ಅಂದಾಜು ತಪ್ಪುವುದು ಅಪರೂಪ. ಅವತ್ತು ತಪ್ಪಿತ್ತು.

ಅವರು ಎದುರಿನ ಟಾಕೀಸಿನಲ್ಲಿ ಸಿನಿಮಾ ಓಡಿಸುವವರು. ದೊಡ್ಡ ನಟರ ದೊಡ್ಡ ಚಿತ್ರಗಳೆಲ್ಲ ಸ್ಟೇಷನ್ ಪಕ್ಕದ ಥಿಯೇಟರಿಗೆ ಹೋಗುತ್ತಿದ್ದವು. ನಮ್ಮ ಟಾಕೀಸಿಗೆ ಬರುತ್ತಿದ್ದದ್ದು ಮನೆಯಲ್ಲಿ ಹೆಸರು ಹೇಳಲು ನಾಚಿಕೆಯಾಗುವಂಥವು. ರಬ್ಬರಿನ ಮೊಸಳೆ, ದಾರ ಕಾಣುವಂತೆ ಹಾರುವ ಬಾವಲಿ, ನನ್ನ ಅಂಗಡಿಯ ಕೆಂಪು ಬಣ್ಣಕ್ಕಿಂತಲೂ ಕೆಂಪಾದ ರಕ್ತ, ಹತ್ತು ಜನರನ್ನು ಹೊಡೆದುರುಳಿಸಿದರೂ ತುಟಿಯ ರಂಗು ಅಳಿಸದ ನಾಯಕಿ. ಪೋಸ್ಟರಿನಲ್ಲಿ ತೋರಿಸಿದ್ದು ಚಿತ್ರದಲ್ಲಿ ಇರುತ್ತಿರಲಿಲ್ಲ. ಅದನ್ನು ಹುಡುಕಲೆಂದೇ ಜನ ಎರಡನೇ ಸಲ ಬರುತ್ತಿದ್ದರು. ವ್ಯಾಪಾರ ಅಂದರೆ ಹಾಗಿರಬೇಕು.

ಬಂದವರು ಬಾಯಿ ಮುಚ್ಚಿಕೊಂಡು ನೋಡುವವರಲ್ಲ. ಪರದೆಯ ಮೇಲಿನವರ ಜೊತೆ ಮಾತಿಗೆ ಮಾತು ಕೊಡುವವರು. ಬಾಗಿಲ ಹಿಂದೆ ಅಡಗಿದವನನ್ನು ನಾಯಕಿಗೆ ತೋರಿಸಿಕೊಡುವವರು, ಅವಳು ಕೇಳದಿದ್ದರೆ ಮುನಿಸಿಕೊಳ್ಳುವವರು. ಶಾಲೆಯ ಮೇಷ್ಟ್ರೊಬ್ಬರು ದೀಪ ಆರಿದ ಮೇಲೆ ಒಳಗೆ ಬಂದು, ದೀಪ ಹತ್ತುವ ಮುಂಚೆ ಎದ್ದು ಹೋಗುತ್ತಿದ್ದರು. ಹಾಗಾಗಿ ಯಾವ ಚಿತ್ರದ ಕೊನೆಯೂ ಅವರಿಗೆ ಗೊತ್ತಿರಲಿಲ್ಲ. ಮರುದಿನ ನನ್ನ ಅಂಗಡಿಗೆ ಬಂದು, ಬೇಡದ ಬ್ರಷ್ ಒಂದನ್ನು ಕೈಯಲ್ಲಿ ತಿರುಗಿಸುತ್ತಾ, "ಆ ಹುಡುಗಿ ಕೊನೆಗೆ ಏನಾದಳಂತೆ?" ಎಂದು ಮೆಲ್ಲಗೆ ಕೇಳುತ್ತಿದ್ದರು.

ಈ ಗದ್ದಲಕ್ಕೆಲ್ಲ ಮೇಲಿನ ಕೋಣೆಯಲ್ಲಿ ಕಾವಲು ಕೂತವರು ಆಪರೇಟರ್. ಚಿತ್ರ ಎಂಥದೇ ಇರಲಿ, ಓಡಿಸುವುದರಲ್ಲಿ ಅವರದು ಮಡಿವಂತಿಕೆ. ಎರಡು ಯಂತ್ರ, ಒಂದರಲ್ಲಿ ಐದನೇ ರೀಲು ಓಡುತ್ತಿದ್ದರೆ ಇನ್ನೊಂದರಲ್ಲಿ ಆರನೆಯದು ಸಿದ್ಧವಾಗಿರಬೇಕು. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ಮೂಲೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಒಂದು ಚುಕ್ಕೆ ಬರುತ್ತದೆ. ಮೊದಲ ಚುಕ್ಕೆಗೆ ಎರಡನೇ ಯಂತ್ರ ಚಾಲೂ, ಎರಡನೇ ಚುಕ್ಕೆಗೆ ಬದಲಾವಣೆ. ಕೆಳಗೆ ಕೂತವರಿಗೆ ಈ ಚುಕ್ಕೆ ಇರುವುದೇ ಗೊತ್ತಿಲ್ಲ. ಗೊತ್ತಾಗದಂತೆ ಮಾಡುವುದೇ ಕೆಲಸ ಎನ್ನುತ್ತಿದ್ದರು. ಟೈಲರಿಂಗ್ ಮಾಡುತ್ತಿದ್ದ ಹೆಂಡತಿಯನ್ನು ಕೂಡ ಅವರು ಒಂದು ದಿನವೂ ಪುಕ್ಕಟೆ ಒಳಗೆ ಬಿಟ್ಟವರಲ್ಲ. ಆಯಮ್ಮ ಎಲ್ಲರಂತೆ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಳ್ಳುತ್ತಿದ್ದರು.

ಅವರು ಅಂಗಡಿಗೆ ಬಂದದ್ದು ಡಬ್ಬಿಗಳಿಗಾಗಿ. ಬರುವ ರೀಲುಗಳ ತಗಡಿನ ಡಬ್ಬಿಗಳು ತುಕ್ಕು ಹಿಡಿದು ಹುಡಿ ಉದುರಿಸುತ್ತವೆ, ಅದು ಯಂತ್ರಕ್ಕೆ ಒಳ್ಳೆಯದಲ್ಲ ಎಂದು ಮಾಲೀಕರನ್ನು ಕಾಡಿ ಬೇಡಿ ಹತ್ತು ಹೊಸ ಡಬ್ಬಿ ಮಾಡಿಸಿದ್ದರು. ಅವಕ್ಕೆ ಬಿಳಿ ಬಣ್ಣ ಬಳಿದು, ಮುಚ್ಚಳದ ಮೇಲೆ ಒಂದರಿಂದ ಹತ್ತರವರೆಗೆ ಕಪ್ಪು ಅಂಕಿ ಬರೆಯಬೇಕು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಒಂದು ಮಾತು ಹೇಳಿದರು. "ಸಾವ್ಕಾರ್ರೇ, ಆರರ ಕೆಳಗೆ ಒಂದು ಗೆರೆ ಎಳೀರಿ. ಮರೀಬೇಡಿ."

ಹೂಂ ಅಂದೆ. ನನ್ನ ಹತ್ತಿರ ಅಂಕಿ ಕೊರೆದ ತಗಡಿನ ಅಚ್ಚುಗಳಿದ್ದವು. ಒಂಬತ್ತರ ಅಚ್ಚು ಇರಲಿಲ್ಲ, ಕೊಂಡಿರಲೂ ಇಲ್ಲ. ಆರರದ್ದನ್ನೇ ತಲೆಕೆಳಗು ಮಾಡಿದರೆ ಆಯಿತಲ್ಲ ಎನ್ನುವ ಜಾಣತನ ನನ್ನದು. ಗೆರೆ ಮಾತ್ರ ಕೈಯಿಂದಲೇ ಎಳೆಯಬೇಕಿತ್ತು. ಬಣ್ಣ ಒಣಗಲಿ ಎಂದು ಬಿಟ್ಟೆ, ಒಣಗಿದ ಮೇಲೆ ಮರೆತೆ. ದುಂಡು ಮುಚ್ಚಳಕ್ಕೆ ತಲೆ ಯಾವುದು, ಕಾಲು ಯಾವುದು?

ಹೊಸ ಡಬ್ಬಿಗಳಲ್ಲಿ ಕೂತ ಮೊದಲ ಚಿತ್ರ 'ಚಾವಟಿ ಚಂಚಲೆ'. ಹೆಸರೇ ಸಾಕು, ಕತೆ ಬೇರೆ ಬೇಕಿಲ್ಲ. ಆದರೂ ಹೇಳುತ್ತೇನೆ. ಒಕ್ಕಣ್ಣನೊಬ್ಬ ಚಂಚಲೆಯ ಅಣ್ಣನನ್ನು ಕೊಲ್ಲುತ್ತಾನೆ. ಆರನೇ ರೀಲಿನಲ್ಲಿ ಅವಳು ಅವನ ಗುಹೆಯಲ್ಲಿ ಸೆರೆಯಾಗಿ, ಕುಣಿದು, ಜಾಕೆಟ್ಟಿನ ತೋಳು ಹರಿದುಕೊಂಡು ತಪ್ಪಿಸಿಕೊಳ್ಳುತ್ತಾಳೆ. ಒಂಬತ್ತರಲ್ಲಿ ಚಾವಟಿ ಬೀಸಿ ಅವನನ್ನು ಕುದಿಯುವ ಅಂಟಿನ ಕೊಪ್ಪರಿಗೆಗೆ ಕೆಡವುತ್ತಾಳೆ. ಹತ್ತರಲ್ಲಿ ಮದುವೆ.

ಮೊದಲ ದಿನದ ಮಧ್ಯಾಹ್ನದ ಆಟ. ಹಳೆಯ ಪ್ರಿಂಟು, ಸುರುಳಿಯ ತಲೆಯ ಮೇಲಿದ್ದ ಅಂಕಿ ಎಂದೋ ಹರಿದುಹೋಗಿತ್ತು. ಬೆಳಿಗ್ಗೆ ಕಸ ಗುಡಿಸಿದವನು ಡಬ್ಬಿಗಳನ್ನೆಲ್ಲ ಇಳಿಸಿ ಮತ್ತೆ ಜೋಡಿಸಿಟ್ಟಿದ್ದ. ಆಪರೇಟರ್ ಕೈಚಾಚಿ ಆರು ಎಂದು ಕಂಡ ಡಬ್ಬಿ ತೆಗೆದರು. ಗೆರೆ ಇದೆಯೇ ಎಂದು ನೋಡಲಿಲ್ಲ. ಸಾವ್ಕಾರರಿಗೆ ಹೇಳಿಯಾಗಿದೆ, ಇದ್ದೇ ಇರುತ್ತದೆ ಎಂಬ ನಂಬಿಕೆ.

ಚುಕ್ಕೆ ಬಂತು, ಬದಲಾಯಿಸಿದರು, ಮುಂದಿನ ರೀಲು ಏರಿಸಿ ಕಿಂಡಿಗೆ ಕಣ್ಣಿಟ್ಟರು. ಒಕ್ಕಣ್ಣ ಅಂಟಿನ ಕೊಪ್ಪರಿಗೆಯಲ್ಲಿ ಮುಳುಗುತ್ತಿದ್ದ. ನಿಲ್ಲಿಸಿದರೆ ಕುರ್ಚಿಗಳು ಮುರಿಯುತ್ತವೆ, ಕೆಲಸವೂ ಮುರಿಯುತ್ತದೆ. ಇಷ್ಟು ಹೊತ್ತಿಗೆ ಏಳನೆಯದು ಇನ್ನೊಂದು ಯಂತ್ರದಲ್ಲಿ ಕೂತಿತ್ತು. ಆದದ್ದಾಗಲಿ ಎಂದು ಅದನ್ನೇ ಬಿಟ್ಟರು.

ಏಳನೇ ರೀಲಿನ ಶುರುವಿಗೇ ಒಕ್ಕಣ್ಣ ಮೇಜಿನ ಮುಂದೆ ಒಬ್ಬನೇ ಕೂತು ನಗುತ್ತಾನೆ. ಈಗಷ್ಟೇ ಅಂಟಿನಲ್ಲಿ ಬೆಂದುಹೋದವನು. ಕೆಳಗೆ ಸದ್ದಿಲ್ಲ. ಆ ಟಾಕೀಸಿನಲ್ಲಿ ಅಂಥ ಮೌನವನ್ನು ಅವರು ಕೇಳಿದ್ದು ಅದೊಂದೇ ಸಲ. ಆಮೇಲೆ ಮುಂದಿನ ಸಾಲಿನಿಂದ ಯಾರೋ ಪಕ್ಕದವನಿಗೆ, "ಲೋ, ಅವನು ಸತ್ತಿದ್ದಾನೆ ಕಣೋ" ಅಂದ. ಅಷ್ಟೇ ಸಾಕಾಯಿತು. ಟಾಕೀಸು ಬುಡಸಮೇತ ಎದ್ದು ನಿಂತಿತು. ಒಂಬತ್ತನೆಯದರ ಜಾಗದಲ್ಲಿ ಆರು ಬಂದು, ಚಂಚಲೆ ಗುಹೆಯಲ್ಲಿ ಅವನೆದುರು ಕುಣಿಯುವ ಹೊತ್ತಿಗೆ, ಕುಣಿತದಿಂದ ದೆವ್ವ ಬಿಡಿಸುತ್ತಿದ್ದಾಳೆ ಎಂದು ಜನ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಎಲ್ಲರೂ ಸೇರಿ ಚಪ್ಪಾಳೆ ತಟ್ಟಿ ತಾಳ ಹಾಕಿದರು. ಗುಹೆಯ ದೀಪ ಆರಿ ಅವನು ಕತ್ತಲಲ್ಲಿ ಕರಗಿದಾಗ, ಬಿಟ್ಟುಹೋಯಿತು ಎಂಬ ನಿಟ್ಟುಸಿರು ಮೇಲಿನ ಕೋಣೆಯವರೆಗೂ ಕೇಳಿಸಿತಂತೆ.

ಆಟ ಮುಗಿದ ಮೇಲೆ ಮಾಲೀಕರು ಏಣಿ ಹತ್ತಿ ಬಂದರು. ಆಪರೇಟರ್ ಅಂಗಿಯ ಗುಂಡಿ ಹಾಕಿಕೊಂಡು, ಹೊರಹಾಕಿಸಿಕೊಳ್ಳಲು ತಯಾರಾಗಿ ನಿಂತರು. ಮಾಲೀಕರು ಕೇಳಿದ್ದು, ಇದರಲ್ಲಿ ದೆವ್ವ ಇದೆ ಅಂತ ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು. ಮರುದಿನವೇ ಪೋಸ್ಟರಿನ ಮೇಲೆ 'ದೆವ್ವವೂ ಉಂಟು' ಎಂದು ಹಸಿರು ಬಣ್ಣದಲ್ಲಿ ಬರೆಸಿದರು. ಬಣ್ಣ ನನ್ನ ಅಂಗಡಿಯದೇ. ಚಿತ್ರ ಹನ್ನೊಂದು ವಾರ ಓಡಿತು. ಅಷ್ಟೂ ದಿನ, ದಿನಕ್ಕೆ ಮೂರು ಆಟ, ಆ ತಪ್ಪನ್ನು ಅವರು ಒಂದಿಷ್ಟೂ ತಪ್ಪದಂತೆ ಮಾಡಿದರು.

ಮೂರನೇ ದಿನ ಎರಡು ಮುಚ್ಚಳ ಹಿಡಿದು ಅಂಗಡಿಗೆ ಬಂದರು. ಒಂದನ್ನು ಗಲ್ಲೆಯ ಮೇಲಿಟ್ಟು, "ಇದು ಎಷ್ಟು?" ಅಂದರು. ಆರು ಅಂದೆ. ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ, "ಈಗ?" ಅಂದರು. ಒಂಬತ್ತು ಅಂದೆ. ನನ್ನ ಮುಖ ಯಾವ ಬಣ್ಣಕ್ಕೆ ತಿರುಗಿತೋ, ಅಂಗಡಿಯಲ್ಲಿ ಆ ಬಣ್ಣ ಇರಲಿಲ್ಲ. "ಸರಿ, ನನಗೂ ಹಾಗೇ ಕಂಡಿತು," ಎಂದು ಮುಚ್ಚಳ ಎತ್ತಿಕೊಂಡು ಹೋದರು. ಆಮೇಲೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕಾಲ ಕಳೆಯಿತು. ಜನ ಮನೆಯಲ್ಲೇ ಸಿನಿಮಾ ನೋಡಲು ಕಲಿತರು. ಟಾಕೀಸು ಮುಚ್ಚಿದ ದಿನ ಮಾಲೀಕರು ಆಪರೇಟರ್‌ಗೆ ಕೈಗಡಿಯಾರ ಕೊಟ್ಟರು. ಅದರ ಹಿಂದೆ ಕೆತ್ತಿಸಿದ್ದು: 'ಮೂವತ್ತೊಂದು ವರ್ಷ, ಒಂದೂ ತಪ್ಪಿಲ್ಲ.' ಅದನ್ನು ಓದಿದಾಗ ಅವರಿಗೆ ಆ ಎರಡು ಮುಚ್ಚಳ ನೆನಪಾಗಿರಬೇಕು. ಆದರೆ ಎಲ್ಲರೆದುರು ಮೆಚ್ಚಿ ಕೊಟ್ಟದ್ದನ್ನು ಹೇಗೆ ಬೇಡ ಅನ್ನುವುದು? ಕಟ್ಟಿಕೊಂಡರು. ಕಟ್ಟಿಕೊಂಡ ಮೇಲೆ ಗಡಿಯಾರದ ಮಾತನ್ನು ತಾವೇ ನಂಬತೊಡಗಿದರು.

ಅದರ ಬಿಸಿ ತಟ್ಟಿದ್ದು ಅಳಿಯನಿಗೆ. ಅಳಿಯ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ಹೊಟ್ಟೆಪಾಡು. ಪಾಪ, ತನ್ನದೇ ಮದುವೆಯ ಆಮಂತ್ರಣದಲ್ಲಿ ಶುಕ್ರವಾರವನ್ನು ಶನಿವಾರ ಮಾಡಿಬಿಟ್ಟಿದ್ದ. ಅರ್ಧ ನೆಂಟರು ಮದುವೆಯ ಮರುದಿನ ಉಡುಗೊರೆ ಹಿಡಿದು ಬಂದು, ಕುರ್ಚಿ ಮಡಚುವವರನ್ನು ನೋಡಿ ಹೋದರು. ಹನ್ನೆರಡು ವರ್ಷ ಮಾವ ಅದನ್ನು ಬಿಡಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಗಡಿಯಾರ ಬಿಚ್ಚಿ, ಬೆನ್ನು ಮೇಲೆ ಮಾಡಿ ಅಳಿಯನ ತಟ್ಟೆಯ ಪಕ್ಕಕ್ಕೆ ಇಡುವುದು. ಮಾತೇ ಬೇಕಿಲ್ಲ. ಅಳಿಯ ತಲೆ ತಗ್ಗಿಸಿ ಉಣ್ಣುವುದು.

ಹೀಗಿರುವಾಗ ಹೋದ ತಿಂಗಳು ಮಗಳು ಎಲ್ಲಿಂದಲೋ 'ಚಾವಟಿ ಚಂಚಲೆ'ಯನ್ನು ಹುಡುಕಿ ತೆಗೆದಳು. ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು ನೋಡೋಣ, ಅಪ್ಪನ ಚಿತ್ರ ಎಂದಳು. ಅಪ್ಪನಿಗೆ ದಿಗಿಲು. ಮೊದಲು ಕಣ್ಣು ಉರಿ ಅಂದರು. ಆಮೇಲೆ ಚಿತ್ರ ಚೆನ್ನಾಗಿಲ್ಲ ಅಂದರು. ದೆವ್ವದ ಚಿತ್ರ ಎಂದು ಊರೆಲ್ಲ ಮಾತಾಡಿ ಹನ್ನೊಂದು ವಾರ ಓಡಿದ್ದಲ್ಲವೇ ಎಂದು ಮಗಳು ಕೇಳಿದಳು. ಕೊನೆಗೆ ನನ್ನ ಮನೆಗೆ ಬಂದು, "ಸಾವ್ಕಾರ್ರೇ, ನೀವೂ ಬನ್ನಿ," ಅಂದರು. ಯಾಕೆ ಎಂದು ನಾನು ಕೇಳಲಿಲ್ಲ.

ಕಿಟಕಿಗೆ ಪರದೆ ಎಳೆದಿದ್ದರೂ ಬಿಸಿಲು ಅಂಚಿನಲ್ಲಿ ಇಣುಕುತ್ತಿತ್ತು. ಮೆತ್ತನೆಯ ಕುರ್ಚಿ, ಕೈಗೆ ಟೀ. ಒಂದು ಕಾಲದಲ್ಲಿ ಎರಡಾಳೆತ್ತರ ನಿಂತು ಗದರಿಸಿದ್ದ ಒಕ್ಕಣ್ಣ ಹೂದಾನಿಯ ಪಕ್ಕ ಮೊಳದುದ್ದ ನಿಂತಿದ್ದ. ಪಕ್ಕದ ಮನೆಯವರು ಮಲಗಿರುತ್ತಾರೆಂದು ಮಗಳು ಸದ್ದು ತಗ್ಗಿಸಿದಳು. ಅವಳಿಗೆ ಫೋನು ಬಂದಾಗ ಅಳಿಯ ಚಿತ್ರ ನಿಲ್ಲಿಸಿದ. ಚಂಚಲೆ ಚಾವಟಿ ಎತ್ತಿದವಳು ಹಾಗೇ ಎತ್ತಿಕೊಂಡು ಕಾದಳು. ಯಾರೂ ಅವಳಿಗೆ ಏನೂ ಹೇಳಲಿಲ್ಲ. ಎಲ್ಲರೂ ಡಾಕ್ಟರ ಹೊರಕೋಣೆಯಲ್ಲಿ ಕೂತ ಹಾಗೆ ಕೂತಿದ್ದೆವು.

ಆಪರೇಟರ್ ಮಾತ್ರ ಬಲ ಮೇಲ್ಮೂಲೆ ನೋಡುತ್ತಿದ್ದರು. ಚುಕ್ಕೆಗಳು ಇನ್ನೂ ಇದ್ದವು. ಒಂದೊಂದಕ್ಕೂ ಅವರ ಬಲಗೈ ತೊಡೆಯ ಮೇಲೆ ಸಣ್ಣಗೆ ಮಿಡುಕುತ್ತಿತ್ತು. ಐದು ಮುಗಿಯಿತು, ಆರು ಬಂತು, ಗುಹೆ ಬಂತು, ಎಲ್ಲ ಸರಿಯಾಗಿ ಬಂತು. ಒಕ್ಕಣ್ಣ ಸಾಯಬೇಕಾದಲ್ಲಿ ಸತ್ತ. ಮದುವೆಯಾಯಿತು. ಮುಗಿಯಿತು.

ಅಳಿಯ ರಿಮೋಟು ಕೆಳಗಿಟ್ಟ. "ಮಾವ, ದೆವ್ವ ಎಲ್ಲಿ?"

ಮಾವ ಗಡಿಯಾರ ನೋಡಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ಒಂದೇ ಮಾತು ಸಾಕಿತ್ತು: ಇಗೋ, ಇವರನ್ನು ಕೇಳು. ನಾನೇ ಹೇಳಬಹುದಿತ್ತು. ಅಷ್ಟು ವರ್ಷ ಗಲ್ಲೆಯ ಹಿಂದೆ ಮಾತಿನಿಂದಲೇ ಬದುಕಿದವನು ಬಾಯಿ ತೆರೆದೆ, ಟೀ ಕುಡಿದು ಮುಚ್ಚಿದೆ.

"ಆರರ ಜಾಗಕ್ಕೆ ಒಂಬತ್ತು ಹಾಕಿಬಿಟ್ಟಿದ್ದೆ," ಅಂದರು ಆಪರೇಟರ್. "ನಾನು ನೋಡ್ಕೊಂಡು ಹಾಕಬೇಕಿತ್ತು. ತಪ್ಪು ನಂದೇ." ಗಡಿಯಾರ ಬಿಚ್ಚಿ ಅಳಿಯನ ಮುಂದಿಟ್ಟರು, ಈ ಸಲ ಮುಖ ಮೇಲೆ ಮಾಡಿ.

ಅಳಿಯ ಅದನ್ನು ಮುಟ್ಟುವ ಮೊದಲೇ ಆಪರೇಟರ ಹೆಂಡತಿ ಮಾತಾಡಿದರು. "ನಂಗೆ ಮೊದಲನೇ ದಿನವೇ ಗೊತ್ತಿತ್ತು. ಅವಳ ಜಾಕೆಟ್ಟು ಮೊದಲು ಹರಿದಿತ್ತು, ಆಮೇಲೆ ನೋಡಿದ್ರೆ ತೋಳು ಹೊಸದಾಗಿತ್ತು. ಯಾವ ಟೈಲರ್ರೂ ಹಾಗೆ ಹೊಲಿಯಲ್ಲ."

"ಮತ್ತೆ ಹೇಳಲೇ ಇಲ್ಲವಲ್ಲೇ?"

"ಏನಂತ ಹೇಳಲಿ ರೀ? ಮೂರು ಸಲ ಟಿಕೆಟ್ ತಗೊಂಡು ನೋಡಿದೀನಿ. ಸರಿ ಮಾಡಿಬಿಟ್ಟಿದ್ರೆ?"

ಅಳಿಯ ಗಡಿಯಾರವನ್ನು ಕೈಗೆತ್ತಿಕೊಂಡ. ಹನ್ನೆರಡು ವರ್ಷದ ಬಾಕಿ ಒಂದೇ ಏಟಿಗೆ ತೀರಿಸಿಕೊಳ್ಳುತ್ತಾನೆ ಎಂದು ನಾನು ಕುರ್ಚಿಯ ತುದಿಗೆ ಸರಿದೆ. ಅವನು ಅದನ್ನು ಮಾವನ ಮಣಿಕಟ್ಟಿಗೆ ತಾನೇ ಕಟ್ಟಿ, ರಿಮೋಟು ಎತ್ತಿಕೊಂಡು ಕೇಳಿದ. "ಯಾವುದಾದ ಮೇಲೆ ಯಾವುದು, ಹೇಳಿ ಮಾವ. ಹಾಗೇ ನೋಡೋಣ." ತಿದ್ದುವುದು ಅವನ ಕಸುಬು, ಸರಿಯಾದದ್ದನ್ನು ತಪ್ಪು ಮಾಡುವ ಅವಕಾಶ ಅವನಿಗೂ ಹೊಸದು.

ಆಪರೇಟರ್ ಎದ್ದು ಟೀವಿಯ ಪಕ್ಕ ನಿಂತರು. ಚುಕ್ಕೆ ಬಂದಾಗ ಕೈ ಎತ್ತುವರು, ಅಳಿಯ ಹಾರಿಸುವನು. ಮೊದಲೆರಡು ಸಲ ತಡವಾಗಿ ಬೈಸಿಕೊಂಡ, ಮೂರನೆಯದಕ್ಕೆ ಕೈ ಕೂತಿತು. ಐದಾದ ಮೇಲೆ ಒಂಬತ್ತು, ಆಮೇಲೆ ಏಳು. ಒಕ್ಕಣ್ಣ ಅಂಟಿನಲ್ಲಿ ಬೆಂದುಹೋದ. ಬೆಂದವನು ಮೇಜಿನ ಮುಂದೆ ಕೂತು ನಕ್ಕ. ಆಮೇಲೆ ಆಪರೇಟರ ಹೆಂಡತಿ, ಕನ್ನಡಕ ಮೇಲೇರಿಸಿ, ಟೀವಿಯ ಕಡೆ ಬಾಗಿ, "ಲೋ, ಅವನು ಸತ್ತಿದ್ದಾನೆ ಕಣೋ" ಅಂದರು. ಮಗಳು ಸದ್ದು ಹೆಚ್ಚಿಸಿದಳು. ಆರು ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿ ದೆವ್ವ ಬಿಡಿಸಿದೆವು. ಪಕ್ಕದ ಮನೆಯವರು ಏನಾಯಿತೆಂದು ಕೇಳಲು ಬಂದವರು ಬಾಗಿಲಲ್ಲೇ ನಿಂತು ಕೊನೆಯವರೆಗೂ ನೋಡಿದರು. ಆಪರೇಟರ್ ಮಾತ್ರ ಚಿತ್ರ ನೋಡಲಿಲ್ಲ. ಟೀವಿಯ ಪಕ್ಕದಲ್ಲಿ ನಿಂತು, ಆ ಚಿಕ್ಕ ಬಲಗಣ್ಣನ್ನು ಇನ್ನಷ್ಟು ಕಿರಿದು ಮಾಡಿ, ನಮ್ಮ ಮುಖಗಳನ್ನು ನೋಡುತ್ತಿದ್ದರು.

ಹೊರಡುವಾಗ ಬಾಗಿಲವರೆಗೂ ಬಂದರು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿಯೇ ಇದ್ದೆ. ಅಂಗಡಿ ಹೇಗೆ ನಡೀತಿದೆ ಎಂದು ಕೇಳಿದರು, ಪರವಾಗಿಲ್ಲ ಅಂದೆ. ಆ ಮನೆಯಲ್ಲಿ ಇವತ್ತಿಗೂ ತಪ್ಪು ಅವರದೇ.

ಆಪರೇಟರ್‌ಗೆ ನಾನು ಕೊಡಬೇಕಾದದ್ದು ಒಂದು ಗೆರೆ. ಆರರ ಕೆಳಗೆ, ಎರಡು ಬೆರಳಗಲ, ಕಪ್ಪು ಬಣ್ಣದ್ದು.