ಬೂದು ಸಾಲಿನ ಹೆಸರುಗಳು

ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಎರಡು ಸಾವಿರನೇ ಇಸವಿಯ ಆಸುಪಾಸಿನ ವರ್ಷಗಳು. ಕೆಲಸಗಾರರ ಹಾಜರಿ ತೋರಿಸುವ ವೆಬ್ ಪುಟ ಮಾಡಿಕೊಡಲು ವಡೋದರಾದ ನಮ್ಮ ಪುಟ್ಟ ಕಂಪನಿ ನನ್ನನ್ನು ಅಲ್ಲಿಗೆ ಕಳಿಸಿತ್ತು. ಡೇಟಾಬೇಸಿನಿಂದ ಬಂದ ಹೆಸರುಗಳು ಒತ್ತೊತ್ತಾಗಿ ನಿಂತು, ಓದುವಾಗ ಸಾಲು ತಪ್ಪುತ್ತಿತ್ತು. ಅದಕ್ಕೆ ಒಂದು ಸಾಲು ಬಿಳಿ, ಮುಂದಿನದು ಬೂದು ಬರುವಂತೆ ಮಾಡಿದೆ. ಗೇಟಿನ ಪಕ್ಕದ ಕೋಣೆಯಲ್ಲಿ ಎಲ್ಲರಿಗೂ ಕಾಣುವಂತೆ ಕಂಪ್ಯೂಟರ್ ಇಟ್ಟರು.

ಕೆಲವೇ ದಿನಗಳಲ್ಲಿ ಏನೋ ಸರಿಯಿಲ್ಲ ಅನ್ನಿಸತೊಡಗಿತು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ದಿನವೂ ಕರೆದು ಚಹಾ ಕೊಡಿಸುತ್ತಿದ್ದ ಬಣ್ಣದ ವಿಭಾಗದ ಮೇಸ್ತ್ರಿ ನನ್ನನ್ನು ಕಂಡೂ ಕಾಣದವರಂತೆ ಹೋದರು.

ಅಲ್ಲಿ ಕ್ಯಾಂಟೀನ್ ನಡೆಸುತ್ತಿದ್ದವರು ಉಡುಪಿ ಕಡೆಯ ಹಿರಿಯರು. ಒಂದು ಮಧ್ಯಾಹ್ನ ನನ್ನೆದುರು ಬಂದು ಕೂತರು.

"ನೀವು ಎಂತ ಮಾಡಿಟ್ಟದ್ದು ಮಾರಾಯ್ರೆ? ಬೂದು ಬಣ್ಣದಲ್ಲಿ ಇರುವವರನ್ನೆಲ್ಲ ಕೆಲಸದಿಂದ ತೆಗೀತಾರಂತೆ."

"ಹಾಗೇನಿಲ್ಲ. ಓದೋಕೆ ಸುಲಭ ಆಗ್ಲಿ ಅಂತ ಹಾಕಿದ್ದು, ಅಷ್ಟೇ."

"ಮತ್ತೆ ಮೇಸ್ತ್ರಿಯ ಹೆಸರು ನಿನ್ನೆ ಬಿಳಿ ಇದ್ದದ್ದು ಇವತ್ತು ಬೂದು ಆದದ್ದು ಹೇಗೆ?"

ಅಂದು ಬೆಳಿಗ್ಗೆ ಹೊಸಬರೊಬ್ಬರು ಕೆಲಸಕ್ಕೆ ಸೇರಿದ್ದರು. ಅಕ್ಷರಕ್ರಮದಲ್ಲಿ ಅವರ ಹೆಸರು ಮೇಲೆ ಹೊಕ್ಕು, ಕೆಳಗಿನ ಎಲ್ಲರ ಬಣ್ಣ ಅದಲುಬದಲಾಗಿತ್ತು. ಮೇಸ್ತ್ರಿಯನ್ನು ಕರೆದು ಕಂಪ್ಯೂಟರಿನಲ್ಲೇ ತೋರಿಸಿದೆ. ಇಲ್ಲದ ಹೆಸರೊಂದನ್ನು ಸೇರಿಸಿದಾಗ ಅವರ ಸಾಲು ಬಿಳಿಯಾಯಿತು. ಅಳಿಸಿದಾಗ ಮತ್ತೆ ಬೂದು.

"ಅಂದ್ರೆ ಎಲ್ಲಾ ನಿಮ್ಮ ಕೈಯಲ್ಲೇ ಇದೆ, ಭಾಯಿ," ಎಂದು ಹಿಂದಿಯಲ್ಲಿ ಹೇಳಿ ಮೇಸ್ತ್ರಿ ಎದ್ದು ಹೋದರು.

ಮರುದಿನ ಕಾರ್ಖಾನೆಯ ಮಾಲೀಕರು ಕರೆಸಿದರು. ಸುದ್ದಿ ಅವರಿಗೂ ಮುಟ್ಟಿತ್ತು. "ಬೂದು ಸಾಲಿನವರು ಈಗ ಹೊತ್ತಿಗೆ ಸರಿಯಾಗಿ ಬರ್ತಿದ್ದಾರೆ. ಹಾಗೇ ಇರಲಿ. ಯಾರಿಗೂ ಏನೂ ಬಿಡಿಸಿ ಹೇಳಬೇಡಿ," ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಮೇಸ್ತ್ರಿಯ ಭಯ ಪೂರ್ತಿ ಸುಳ್ಳಲ್ಲವೇನೋ ಎಂಬ ಅನುಮಾನ ಮೊದಲ ಸಲ ನನಗೂ ಬಂತು.

"ಇದು ನನಗೆ ಸರಿ ಕಾಣಲ್ಲ ಸರ್. ತೆಗೆದುಬಿಡ್ತೀನಿ," ಎಂದೆ. ನಾನು ಬಣ್ಣ ತೆಗೆದು, ಸಾಲುಗಳ ನಡುವೆ ತೆಳುವಾದ ಗೆರೆ ಎಳೆದೆ. ಅದೇ ವಾರ ನಮ್ಮ ಕಂಪನಿಯವರು ನನ್ನನ್ನು ವಡೋದರಾಗೆ ವಾಪಸು ಕರೆಸಿಕೊಂಡರು. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವ ದಿನ ಮೇಸ್ತ್ರಿ ಗೇಟಿನ ಹತ್ತಿರ ಸಿಕ್ಕರು. ಬಣ್ಣ ಹೋದದ್ದಕ್ಕೆ ಸಮಾಧಾನ ಆಗಿರಬೇಕು ಅಂದುಕೊಂಡಿದ್ದೆ. ಅವರು ದನಿ ತಗ್ಗಿಸಿ ಕೇಳಿದರು:

"ಈಗ ಎಲ್ಲರೂ ಬಿಳಿ. ಯಾರನ್ನ ತೆಗೀತಾರೆ ಅಂತ ಇನ್ನು ನಮಗೆ ಗೊತ್ತಾಗೋದು ಹೇಗೆ?"